ತಿಪ್ಪೆಗೆ ಬಿಸಿ ಎಲ್ಲಿಂದ ಬಂತು?

ಚಳಿಗಾಲದ ಬೆಳಗ್ಗೆ ಹೂವಿನಹಡಗಲಿ ಸುತ್ತಲಿನ ಊರುಗಳಲ್ಲಿ ಯಾರಾದರೂ ತಿಪ್ಪೆ ಕೆದರುತ್ತಿದ್ದರೆ ನಿಂತು ನೋಡಿ. ಒಳಗಿನಿಂದ ಹಬೆ ಏಳುತ್ತದೆ. ಅಲ್ಲಿ ಯಾರೂ ಬೆಂಕಿ ಹಾಕಿಲ್ಲ. ಹಾಗಾದರೆ ಬಿಸಿ ಎಲ್ಲಿಂದ ಬಂತು?

ತಿಪ್ಪೆಯೊಳಗೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು ಕೋಟಿಗಟ್ಟಲೆ ಇವೆ. ಸಗಣಿ, ಹುಲ್ಲು, ತರಕಾರಿ ಸಿಪ್ಪೆಯೇ ಅವುಗಳ ಊಟ. ಓಡಿ ಆಡಿದಾಗ ನಿಮ್ಮ ಮೈ ಬಿಸಿಯಾಗುವಂತೆ, ಅವು ತಿಂದು ಬೆಳೆಯುವಾಗಲೂ ಬಿಸಿ ಹುಟ್ಟುತ್ತದೆ. ಗಾಳಿಯಾಡುವ ದೊಡ್ಡ ರಾಶಿಯ ನಡುವೆ ಕಾವು 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಆ ಕಾವಿಗೆ ಕಳೆಯ ಬೀಜಗಳೂ ರೋಗ ತರುವ ಸೂಕ್ಷ್ಮಜೀವಿಗಳೂ ಬಹುಪಾಲು ಸಾಯುತ್ತವೆ. ಕೆಲವು ತಿಂಗಳಲ್ಲಿ ರಾಶಿ ತಣ್ಣಗಾಗಿ, ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ.

ನಿಮ್ಮ ಮನೆಯ ಹಸಿ ಕಸವೂ ಹೀಗೇ ಗೊಬ್ಬರವಾಗಬಲ್ಲದು. ನಮ್ಮ ಹಡಗಲಿ ಮಲ್ಲಿಗೆಯನ್ನೇ ನೋಡಿ. ಬಾಡಿದ ಮಲ್ಲಿಗೆ ಬೇಗ ಕೊಳೆಯುತ್ತದೆ. ಬಾಳೆನಾರಿನಲ್ಲಿ ಕಟ್ಟಿದ್ದರೆ ನಾರೂ ನಿಧಾನವಾಗಿ ಮಣ್ಣು ಸೇರುತ್ತದೆ. ಪ್ಲಾಸ್ಟಿಕ್ ದಾರವಾದರೆ ಉಳಿದುಬಿಡುತ್ತದೆ. ಅದರ ಉದ್ದುದ್ದದ ಅಣುಸರಪಳಿಯನ್ನು ಕತ್ತರಿಸಿ ತಿನ್ನಲು ತಿಪ್ಪೆಯ ಜೀವಿಗಳಿಗೆ ಆಗುವುದಿಲ್ಲ.

ಸಿಪ್ಪೆ, ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಎಸೆದರೆ ಇನ್ನೂ ಕೆಡುಕು. ಒಳಗೆ ಗಾಳಿ ಮುಗಿಯುತ್ತದೆ. ಆಮ್ಲಜನಕ ಬೇಡದ ಬೇರೆ ಬ್ಯಾಕ್ಟೀರಿಯಾಗಳು ಕೆಲಸಕ್ಕಿಳಿಯುತ್ತವೆ, ಗಬ್ಬು ವಾಸನೆ ಬರುತ್ತದೆ. ದೊಡ್ಡ ಕಸದ ಗುಡ್ಡಗಳ ಒಳಗೂ ಇದೇ ನಡೆದು ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಅದು ಭೂಮಿಯನ್ನು ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಅನ್ನದ ವಾಸನೆಗೆ ಬಂದ ದನ ಚೀಲವನ್ನೂ ನುಂಗುತ್ತದೆ. ಆ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಉಳಿದು ಮೂಕ ಪ್ರಾಣಿ ನರಳುತ್ತದೆ.

ಅದಕ್ಕೇ 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಕಸ ಬೇರ್ಪಡಿಸಲು ಹೇಳಿದವು: ಹಸಿ ಕಸ, ಒಣ ಕಸ, ಮತ್ತು ಬ್ಯಾಟರಿ, ಟ್ಯೂಬ್‌ಲೈಟಿನಂಥ ಅಪಾಯದ ಕಸ. ಹಸಿ ಕಸ ಗೊಬ್ಬರಕ್ಕೆ, ಕಾಗದ-ಬಾಟಲಿ-ತಗಡು ಮರುಬಳಕೆಗೆ, ಯಾವುದಕ್ಕೂ ಬಾರದ್ದು ಮಾತ್ರ ಹೂಳುವ ಜಾಗಕ್ಕೆ ಹೋಗಬೇಕು.

ಎಲ್ಲ ಬೆರೆಸಿ ಕೊಟ್ಟರೆ ಅದನ್ನು ಬೇರ್ಪಡಿಸುವುದು ಪೌರಕಾರ್ಮಿಕರ ಕೈ. ಹಾಗಾಗಿ ಪುರಸಭೆಯ ಕಸದ ಗಾಡಿ ಬರುವ ಮೊದಲು ಒಡೆದ ಗಾಜನ್ನೂ ಬ್ಲೇಡನ್ನೂ ದಪ್ಪ ಕಾಗದದಲ್ಲಿ ಸುತ್ತಿ ಬೇರೆ ಇಡಿ. ಕೊಡುವಾಗ ಒಳಗೇನಿದೆ ಎಂದು ಗಾಡಿಯ ಅಕ್ಕನಿಗೋ ಅಣ್ಣನಿಗೋ ಹೇಳಿಯೇ ಕೊಡಿ.