ಕೃಷ್ಣಾತೀರದ ಕಾಣದ ಪ್ರೇಕ್ಷಣೀಯಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಉದ್ಯೋಗನಿಮಿತ್ತ ಇಟಲಿ ದೇಶಕ್ಕೆ ಹೋದನು. ಉದಗಾಂವದಲ್ಲಿಯೇ ಹುಟ್ಟಿ, ಇಲ್ಲಿಯ ಹೊಳೆಯಲ್ಲಿಯೇ ಈಜು ಕಲಿತ ಹುಡುಗ. ಅವನು ರೋಮ್ ನಗರದಿಂದ ನಮಗೊಂದು ಚಿತ್ರವನ್ನು ಕಳುಹಿಸಿದನು. ಪ್ಯಾಂಥಿಯನ್ ಎಂಬ ಪುರಾತನ ದೇವಾಲಯದ ಗುಮ್ಮಟದ ನಡುನೆತ್ತಿಯಲ್ಲಿ ಸುಮಾರು 27 ಅಡಿ ಅಗಲದ ಬಯಲು ಕಿಂಡಿ. ಅದರೊಳಗಿಂದ ಬಿಸಿಲು ಕಂಬದಂತೆ ಇಳಿದಿದೆ. ಚಿತ್ರದ ಕೆಳಗೆ ಅವನು ಬರೆದ ಒಕ್ಕಣೆ ಇಷ್ಟೆ: "ಗುರುಗಳೆ, ಮಾಳಿಗೆಯಿಲ್ಲದ ಗುಡಿಯನ್ನು ನಾನು ಇದೇ ಮೊದಲು ನೋಡಿದೆ."

ಆ ಮಾತನ್ನು ಓದಿ ನಮಗೆ ನಗೆಯೂ ಬಂದಿತು, ನಾಚಿಕೆಯೂ ಆಯಿತು. ನಾಚಿಕೆ ಅವನ ಪರವಾಗಿ ಅಲ್ಲ, ನಮ್ಮ ಪರವಾಗಿಯೇ. ಅವನಿಗೆ ಮೂರು ವರ್ಷ ಕನ್ನಡ ಕಲಿಸಿದವರು ನಾವು. ಅವನ ಮನೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಹಿಂತಿರುಗಬಹುದಾದ ಖಿದ್ರಾಪುರಕ್ಕೆ ಅವನನ್ನು ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ಮಾಳಿಗೆಯಿಲ್ಲದ ಗುಡಿ ಅವನ ತಾಲ್ಲೂಕಿನಲ್ಲಿಯೇ ಇತ್ತು.

ನಮ್ಮ ಸೀಮೆಗೆ ಬರುವ ಪ್ರವಾಸಿಗರಿಗೆ ದಾರಿ ಗೊತ್ತಿದೆ. ಕೊಲ್ಲಾಪುರದ ಮಹಾಲಕ್ಷ್ಮಿ, ಜೋತಿಬಾ, ಪನ್ಹಾಳೆ, ನೃಸಿಂಹವಾಡಿ, ಬಾಹುಬಲಿ. ಜೈನ ಬಾಂಧವರಾದರೆ ನಮ್ಮೂರಿನ ಕುಂಜವನಕ್ಕೂ ಬಂದು ಹೋಗುತ್ತಾರೆ. ಇವುಗಳ ಹಿರಿಮೆಯನ್ನು ನಾವು ಹೇಳಬೇಕಾಗಿಲ್ಲ. ಈ ದಾರಿಯ ಮಗ್ಗುಲಲ್ಲಿಯೇ ಇದ್ದು, ಯಾರೂ ವಾಹನ ನಿಲ್ಲಿಸದ ಕೆಲವು ಸ್ಥಳಗಳನ್ನು ಕುರಿತು ಎರಡು ಮಾತು ಹೇಳುತ್ತೇವೆ.

ಮೊದಲು ಖಿದ್ರಾಪುರ. ಶಿರೋಳ ತಾಲ್ಲೂಕಿನ ಮೂಡಣ ತುದಿಯಲ್ಲಿ, ಕೃಷ್ಣೆಯ ದಡದ ಮೇಲೆ, ಕಬ್ಬಿನ ಗದ್ದೆಗಳ ನಡುವೆ ಕೋಪೇಶ್ವರನ ಗುಡಿಯಿದೆ. ಗರ್ಭಗೃಹ, ಅಂತರಾಳ, ಸಭಾಮಂಟಪಗಳ ಮುಂದೆ ಪ್ರತ್ಯೇಕವಾಗಿ ನಿಂತಿರುವುದೇ ಸ್ವರ್ಗಮಂಟಪ. ನಲವತ್ತೆಂಟು ಕಂಬಗಳು. ನಟ್ಟನಡುವೆ ಹನ್ನೆರಡು ಕಂಬಗಳ ಒಂದು ವೃತ್ತ. ಅದರ ಮೇಲ್ಗಡೆ ಸುಮಾರು 13 ಅಡಿ ಅಗಲದ ಬಯಲು. ಕೆಳಗೆ ನೆಲದಲ್ಲಿ ಅದಕ್ಕೆ ಸರಿಯಾದ ದುಂಡು ಶಿಲೆ. ಆ ಶಿಲೆಯ ಮೇಲೆ ನಿಂತು ತಲೆಯೆತ್ತಿದರೆ ಕಾಣುವುದು ಬರಿಯ ಆಕಾಶ. ಸುತ್ತಲೂ ದಿಕ್ಪಾಲಕರು ತಮ್ಮ ತಮ್ಮ ವಾಹನಗಳೊಡನೆ ಕುಳಿತಿದ್ದಾರೆ. ಹೋಮದ ಹೊಗೆ ಹೋಗಲೆಂದು ಹೀಗೆ ಬಿಟ್ಟರೆಂದು ಊರವರು ಹೇಳುವರು. ಮಾಳಿಗೆಯ ಕೆಲಸ ಮುಗಿಯದೆ ಉಳಿಯಿತೆಂದು ಕೆಲವರು ಊಹಿಸುವರು. ರೋಮಿನ ಗುಮ್ಮಟಕ್ಕೂ ಇದಕ್ಕೂ ಸಂಬಂಧ ಕಲ್ಪಿಸುವ ಚಪಲ ನಮಗಿಲ್ಲ. ಅದು ಸುಣ್ಣದ ಗಾರೆಯನ್ನು ಎರಕ ಹೊಯ್ದು ಮಾಡಿದ ಗುಮ್ಮಟ. ಇದು ಕಂಬದ ಮೇಲೆ ತೊಲೆಯಿಟ್ಟು ಕಟ್ಟಿದ ಮಂಟಪ. ಆದರೆ ಅದನ್ನು ನೋಡಲು ಸಮುದ್ರ ದಾಟುವವರು ಇದನ್ನು ನೋಡಲು ಹೊಳೆಯ ದಂಡೆ ಹಿಡಿದು ನಡೆಯಬಾರದೆ?

ಈ ಗುಡಿಯ ಮುಂದೆ ನಂದಿಯಿಲ್ಲ. ಸತೀದೇವಿಯು ತವರಿನ ಯಜ್ಞಕ್ಕೆ ನಂದಿಯನ್ನೇರಿ ಹೋದಳೆಂದೂ, ಅವಳು ಮರಳಿ ಬಾರದೆ ಶಿವನು ಕೋಪಗೊಂಡನೆಂದೂ, ಅವನನ್ನು ಶಾಂತಗೊಳಿಸಲು ವಿಷ್ಣುವು ಬಂದು ಬಳಿಯಲ್ಲಿಯೇ ನೆಲೆನಿಂತನೆಂದೂ ಸ್ಥಳಪುರಾಣ. ಒಳಗೆ ಎರಡು ಲಿಂಗಗಳಿರುವುದಕ್ಕೆ ಕಾರಣವೂ ಅದೇ ಅಂತೆ. ಆ ನಂದಿಯು ಯಡೂರಿನಲ್ಲಿದೆಯೆಂದು ಎರಡೂ ಕಡೆಯ ಜನ ನಂಬುತ್ತಾರೆ. ಯಡೂರು ಚಿಕ್ಕೋಡಿ ತಾಲ್ಲೂಕಿನ ಊರು. 1956ರಲ್ಲಿ ರಾಜ್ಯಗಳು ಬೇರೆಯಾದಾಗ ಸ್ವಾಮಿಯು ಒಂದು ರಾಜ್ಯದಲ್ಲಿಯೂ ವಾಹನವು ಇನ್ನೊಂದು ರಾಜ್ಯದಲ್ಲಿಯೂ ಉಳಿದುವು. ಇದಕ್ಕಾಗಿ ಶಿವನು ಇನ್ನೊಮ್ಮೆ ಕೋಪಿಸಿಕೊಂಡನೋ ಏನೋ, ಪುರಾಣ ಹೇಳುವವರು ಯಾರೂ ಉಳಿದಿಲ್ಲ.

ಇತಿಹಾಸದ ಮಾತು ಬೇರೆ. 1054ರ ಕೊಪ್ಪಂ ಕಾಳಗದಲ್ಲಿ ಚಾಲುಕ್ಯ ಸೋಮೇಶ್ವರನೊಡನೆ ಕಾದಿ ಚೋಳ ರಾಜಾಧಿರಾಜನು ಆನೆಯ ಮೇಲೆಯೇ ಮಡಿದನು. ಅವನ ತಮ್ಮನು ರಣಭೂಮಿಯಲ್ಲಿಯೇ ಪಟ್ಟ ಕಟ್ಟಿಕೊಂಡನು. ಆ ಕೊಪ್ಪಂ ಈ ಖಿದ್ರಾಪುರವೇ ಎಂದು ಕೆಲವು ವಿದ್ವಾಂಸರು, ಕೊಪ್ಪಳವೆಂದು ಇನ್ನು ಕೆಲವರು. ವಾದ ಇನ್ನೂ ತೀರಿಲ್ಲ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಇಟಲಿಯ ಆ ಚಿತ್ರ ಬಂದ ಮೇಲೆ, ಒಂಬತ್ತನೆಯ ತರಗತಿಯ ಮಕ್ಕಳನ್ನು ಖಿದ್ರಾಪುರಕ್ಕೆ ಕರೆದೊಯ್ದೆವು. ಗುಡಿಯ ಒಳಹೊರಗೆ ಇರುವ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು ಎಂದು ಓದಿ ಬಲ್ಲೆವು. ಉತ್ಸಾಹದಿಂದ ತೆಂಕಣ ಬಾಗಿಲ ಬಳಿಯ ಹೊರಗೋಡೆಯ ಶಾಸನದ ಮುಂದೆ ನಿಂತು, "ನೋಡಿರಿ ಮಕ್ಕಳೆ, ಎಂಟುನೂರು ವರ್ಷದ ಹಿಂದೆ ಈ ಮಣ್ಣಿನಲ್ಲಿ ಕೊರೆದ ಕನ್ನಡ!" ಎಂದು ಭಾಷಣ ಆರಂಭಿಸಿಬಿಟ್ಟೆವು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, ಮನೆಯಲ್ಲಿ ಮರಾಠಿಯನ್ನೇ ಆಡುವವಳು, ಮೆಲ್ಲಗೆ, "ಸರ್, ಇವು ನಾಗರಿ ಅಕ್ಷರ ಇದ್ದಂಗ ಅದಾವ್ರಿ," ಎಂದಳು. ನಾವು ಕನ್ನಡಕವನ್ನು ಒರೆಸಿಕೊಂಡು ನೋಡಿದೆವು. ಅವಳ ಮಾತೇ ನಿಜ. ಅದು ದೇವಗಿರಿಯ ಯಾದವ ಸಿಂಘಣನು ಶಕ 1136ರಲ್ಲಿ ಕೋಪೇಶ್ವರನಿಗೆ ಗ್ರಾಮದಾನ ಮಾಡಿದ ಸಂಸ್ಕೃತ ಶಾಸನ, ನಾಗರಿ ಲಿಪಿಯದು. ವಿದ್ವಾನ್ ಪದವಿ ಪಡೆದ ನಮಗೆ ಅಭಿಮಾನವು ಕಣ್ಣಿಗೆ ಪೊರೆಯಾಗಿತ್ತು. ಮಕ್ಕಳೆದುರಿಗೇ ಅವಳ ಕ್ಷಮೆ ಕೇಳಿದೆವು. ಆಮೇಲೆ ಒಳಗೆ ಹೋಗಿ ನಿಜವಾದ ಹಳಗನ್ನಡದ ಅಕ್ಷರಗಳನ್ನು ಹುಡುಕಿದಾಗ, 'ಸ್ವಸ್ತಿ' ಎಂಬ ಮೊದಲ ಪದವನ್ನು ಬೆರಳಿಟ್ಟು ಓದಿದವಳೂ ಅವಳೇ.

ಇನ್ನು ರುಕಡಿ. ಜಯಸಿಂಗಪುರದಲ್ಲಿ ಗಾಡಿ ಹತ್ತಿ ಕೊಲ್ಲಾಪುರಕ್ಕೆ ಹೋಗುವಾಗ ಹಾತಕಣಂಗಲೆಯ ಆಚೆ ಸಿಗುವ ಸಣ್ಣ ನಿಲ್ದಾಣ. ನಾವು ಇಪ್ಪತ್ತು ವರ್ಷ ಆ ದಾರಿಯಲ್ಲಿ ಓಡಾಡಿ ಅಲ್ಲಿ ಒಮ್ಮೆಯೂ ಇಳಿದವರಲ್ಲ. ಶಿಲಾಹಾರ ಗಂಡರಾದಿತ್ಯನು ಇರುಕುಡಿ ಎಂಬಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಂಡೆಯ ಮೇಲೆ ಈಶ್ವರ, ಬುದ್ಧ, ಅರ್ಹಂತ ಈ ಮೂವರನ್ನೂ ಪ್ರತಿಷ್ಠಾಪಿಸಿದನೆಂದು ಶಕ 1032ರ ತಾಮ್ರಪಟ ಹೇಳುತ್ತದೆ. ಆ ಇರುಕುಡಿಯೇ ರುಕಡಿ ಎಂದು ಪಂಡಿತರ ಮತ. ಒಂದೇ ಕೆರೆಯ ನೀರಿನಲ್ಲಿ ಮೂರು ಧರ್ಮದ ದೀಪಗಳು ಪ್ರತಿಬಿಂಬಿಸಿದ ಊರು ಅದು! ಅಲ್ಲಿಂದ ಸನಿಹದ ಹೆರ್ಲೆಯಲ್ಲಿ ಅದೇ ಅರಸನ ಕಾಲದ, ಶಕ 1040ರ ಕನ್ನಡ ಶಾಸನ ದೊರೆತಿದೆ. ಕಾಗಲ ಕಡೆಯ ಬಾಮಣಿಯಲ್ಲಿ ಅವನ ಮಗ ವಿಜಯಾದಿತ್ಯನ ಶಾಸನ. ಭಾಷೆ ಸಂಸ್ಕೃತ, ಲಿಪಿ ಕನ್ನಡ. ಗಡಹಿಂಗ್ಲಜದ ಆಚೆಯ ಆಜರೆಯನ್ನು ಹೆಸರಿಸಿ ಮುಂದೆ ಹೋಗುತ್ತೇವೆ: 1205ರಲ್ಲಿ ಸೋಮದೇವನು 'ಶಬ್ದಾರ್ಣವಚಂದ್ರಿಕೆ' ಎಂಬ ಸಂಸ್ಕೃತ ವ್ಯಾಕರಣಗ್ರಂಥವನ್ನು ಬರೆದುದು ಅಲ್ಲಿಯ ಬಸದಿಯಲ್ಲಿ. ವ್ಯಾಕರಣಕ್ಕಾಗಿ ಪ್ರವಾಸ ಹೊರಡಿರೆಂದರೆ ನಮ್ಮ ವಿದ್ಯಾರ್ಥಿಗಳು ಮುನಿಸಿಕೊಂಡಾರು.

ಇಟಲಿಯ ಮಾತಿನಿಂದ ಆರಂಭಿಸಿದೆವು. ಇಟಲಿಯೇ ನಮ್ಮಲ್ಲಿಗೆ ಬಂದ ಸಂಗತಿಯನ್ನು ಹೇಳದಿದ್ದರೆ ಕಥೆ ಅರ್ಧವಾದೀತು. ಕೊಲ್ಲಾಪುರದ ಪಂಚಗಂಗೆಯ ದಡದಲ್ಲಿ ಬ್ರಹ್ಮಪುರಿ ಎಂಬ ದಿಬ್ಬವಿದೆ. 1940ರ ದಶಕದಲ್ಲಿ ಅಲ್ಲಿ ಅಗೆಯಿಸಿದವರು ಯಾರು ಬಲ್ಲಿರಾ? ರಾಜಾರಾಮ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಕೆ. ಜಿ. ಕುಂದಣಗಾರರು. 1939ರಲ್ಲಿ ಕೊಲ್ಲಾಪುರ ಸಂಸ್ಥಾನದ ಮತ್ತು ಉತ್ತರ ಕರ್ನಾಟಕದ ಶಾಸನಗಳ ಸಂಪುಟವನ್ನು ಅಚ್ಚು ಹಾಕಿಸಿದವರು. 1961ರಲ್ಲಿ ಗದಗಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದವರು. ಅನಂತರ 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಾಂಕಳಿಯಾ ಮತ್ತು ದೀಕ್ಷಿತರು ಆ ಕೆಲಸವನ್ನು ಮುಂದುವರಿಸಿದರು. ಅಲ್ಲಿ ಸಾತವಾಹನರ ಕಾಲದ ನೆಲೆಯಲ್ಲಿ ಕಂಚಿನ ಸಾಮಾನುಗಳ ನಡುವೆ ಸಿಕ್ಕಿತು, ಗೇಣಿಗಿಂತ ಕಡಿಮೆ ಎತ್ತರದ ಒಂದು ವಿಗ್ರಹ: ಪೊಸೈಡನ್, ಗ್ರೀಕರ ಸಮುದ್ರದೇವತೆ. ಜೊತೆಗೆ ಇಟಲಿಯಲ್ಲಿ ತಯಾರಾದ ಕಂಚಿನ ಹೂಜಿ. ಸಮುದ್ರ ದಾಟಿ, ಸಹ್ಯಾದ್ರಿಯ ಘಟ್ಟ ಹತ್ತಿ, ಸಮುದ್ರವೇ ಕಾಣದ ನಮ್ಮ ಸೀಮೆಗೆ ಸಮುದ್ರದೇವತೆಯು ವ್ಯಾಪಾರಿಗಳ ಗಂಟಿನಲ್ಲಿ ಬಂದನು. ಈಗ ಅವನು ಕೊಲ್ಲಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿದ್ದಾನೆ. ನಾವು ಹೋದ ದಿನ ಅವನ ಮುಂದೆ ನಿಂತವರು ನಾವೊಬ್ಬರೇ. ಹೊರಗಿನ ತೋಟದಲ್ಲಿ ಮಾತ್ರ ಗರ್ದಿ ಇತ್ತು.

ಕಡೆಯದಾಗಿ ಒಂದು ಕಲ್ಲಿನ ಸಂಗತಿ. ಊರಿನ ಹೆಸರು ಹೇಳುವುದಿಲ್ಲ. ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ, ರೈತನೊಬ್ಬನ ಹೊಲದ ಬದುವಿನ ಮೇಲೆ ಶಾಸನದ ತುಂಡೊಂದಿದೆ. ಮೇಲೆ ಸೂರ್ಯಚಂದ್ರರು, ಕೆಳಗೆ ನಾಲ್ಕಾರು ಸಾಲು ಕನ್ನಡ. 2019ರ ಮಹಾಪೂರದಲ್ಲಿ ಅದು ಹೂಳಿನಲ್ಲಿ ಮುಚ್ಚಿಹೋಯಿತು. ಆ ಮುದುಕರು ಅದನ್ನು ಮೊಮ್ಮಕ್ಕಳೊಡನೆ ಅಗೆದು ತೆಗೆದು ನಿಲ್ಲಿಸಿದರು. 2021ರಲ್ಲಿ ಮತ್ತೆ ಬಿತ್ತು, ಮತ್ತೆ ನಿಲ್ಲಿಸಿದರು. ಅವರಿಗೆ ಕನ್ನಡ ಬಾರದು. ಅದು ದೇವರೆಂದು ಅಮಾವಾಸ್ಯೆಗೊಮ್ಮೆ ಎಣ್ಣೆ ಸವರುತ್ತಾರೆ. ಎಣ್ಣೆಯ ಜಿಡ್ಡಿನಿಂದ ಅಕ್ಷರಗಳು ಮುಚ್ಚುತ್ತಿವೆ. ಓದಬಲ್ಲ ನಾವು ಆ ಕಲ್ಲಿಗೆ ಏನನ್ನೂ ಮಾಡಲಿಲ್ಲ. ಓದಲಾರದ ಅವರು ಅದನ್ನು ಎರಡು ಸಲ ಹೊಳೆಯ ಬಾಯಿಂದ ಉಳಿಸಿದರು. "ಆಜೋಬಾ, ಎಣ್ಣೆ ಹಚ್ಚಬೇಡಿರಿ" ಎಂದು ಹೇಳಲು ನಮಗೆ ನಾಲಗೆ ಏಳಲಿಲ್ಲ. ಅದರಲ್ಲಿ ಏನಿದೆಯೆಂದು ಅವರು ಕೇಳಿದರು. ತಿಳಿದಷ್ಟನ್ನು ಮರಾಠಿಯಲ್ಲಿ ಹೇಳಿದೆವು: ಯಾರೋ ದೇವರಿಗೆ ಭೂಮಿ ಬಿಟ್ಟಿದ್ದಾರೆ, ಕೆಡಿಸಿದವರಿಗೆ ಪಾಪವೆಂದಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಎಣ್ಣೆ ಪಕ್ಕಕ್ಕೆ ಹಚ್ಚುತ್ತೇನೆ, ಅಕ್ಷರದ ಮೇಲೆ ಬೇಡ" ಎಂದರು.

ಕಾರ್ತಿಕದ ಹುಣ್ಣಿಮೆಯ ರಾತ್ರಿ ಖಿದ್ರಾಪುರದ ಸ್ವರ್ಗಮಂಟಪದ ಬಯಲಿನಿಂದ ಬೆಳದಿಂಗಳು ದುಂಡು ಶಿಲೆಯ ಮೇಲೆ ಇಳಿಯುವುದನ್ನು ನೋಡಲು ಜನ ಸೇರುತ್ತಾರೆ. ಈ ವರ್ಷ ಸಂಘದ ವತಿಯಿಂದ ನಾವೂ ಹೊರಡುವವರಿದ್ದೇವೆ. ಬರುವವರು ಕಾರ್ಯದರ್ಶಿಗಳಲ್ಲಿ ಹೆಸರು ಕೊಡಬೇಕು. ಮಕ್ಕಳನ್ನು ತಪ್ಪದೆ ಕರೆತರಬೇಕು. ಬೆಳಕಿನ ಬತ್ತಿ, ಬುತ್ತಿ, ಬರೆದುಕೊಳ್ಳಲು ಕಾಗದ ಇವು ನಿಮ್ಮವು. ಇಟಲಿಯ ನಮ್ಮ ಹುಡುಗನೂ ಆ ವೇಳೆಗೆ ರಜೆಯ ಮೇಲೆ ಊರಿಗೆ ಬರುತ್ತೇನೆಂದು ಬರೆದಿದ್ದಾನೆ.