ಹೊರನಾಡಿನಲ್ಲಿ ವೆಲ್ಶ್ ಕಲಿಕೆ: ನಮಗೊಂದು ವಿಚಾರ

(ಸಂಘದ ಕನ್ನಡ ತರಗತಿಗಳ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಲು ಸಾಧನಗಳಿಲ್ಲವೆಂಬುದು ನಮ್ಮೆಲ್ಲರ ಕೊರಗು. ಈ ಕೊರಗನ್ನು ವೆಲ್ಶ್ ಭಾಷೆಯ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂದು ನನಗನಿಸಿದೆ. 2021ರ ಜನಗಣತಿಯಂತೆ ವೇಲ್ಸ್‌ನಲ್ಲಿ ಆ ಭಾಷೆಯನ್ನಾಡಬಲ್ಲವರು ಸುಮಾರು 5,38,000 ಮಂದಿ. ಅಂದರೆ ಶೇಕಡಾ 17.8. 2011ರಲ್ಲಿ ನಮ್ಮ ಕೊಡಗು ಜಿಲ್ಲೆಯೊಂದರಲ್ಲೇ ಇದಕ್ಕಿಂತ ಹೆಚ್ಚು ಜನರಿದ್ದರು.

ಆದರೂ ಆ ಭಾಷೆ ಕಡಲಾಚೆಗೂ ಉಳಿದಿದೆ. 1865ರಲ್ಲಿ 'ಮಿಮೋಸ' ಹಡಗನ್ನೇರಿ ಸುಮಾರು 150 ಮಂದಿ ಅರ್ಜೆಂಟೀನದ ಪ್ಯಾಟಗೋನಿಯಾಕ್ಕೆ ಹೋಗಿ ನೆಲೆಸಿದರು. ಅವರ ಸಂತತಿಗೆ ಭಾಷೆ ಕಲಿಸಲು ವೇಲ್ಸ್‌ನಿಂದ ಅಧ್ಯಾಪಕರನ್ನು ಕಳುಹಿಸುವ ಯೋಜನೆ 1997ರಲ್ಲಿ ಆರಂಭವಾಯಿತು. ಲಂಡನ್ನಿನಲ್ಲಿ ನೆಲೆಸಿದ ವೆಲ್ಶ್ ಜನ 1958ರಲ್ಲೇ ತಮ್ಮದೊಂದು ಶಾಲೆಯನ್ನು ತೆರೆದರು.

ಒಂಟಿಯಾಗಿ ಕಲಿಯುವವರಿಗೂ ಇಂದು ದಾರಿಗಳಿವೆ. ವೇಲ್ಸ್ ವಿಶ್ವವಿದ್ಯಾಲಯದ ಬೃಹತ್ ನಿಘಂಟು 2014ರಿಂದ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತಿದೆ. ರಾಷ್ಟ್ರೀಯ ವೆಲ್ಶ್ ಕಲಿಕಾ ಕೇಂದ್ರವು ಅಂತರಜಾಲದ ಮೂಲಕವೂ ತರಗತಿಗಳನ್ನು ನಡೆಸುತ್ತದೆ. ಅದರ ಪಠ್ಯಗಳು ಉತ್ತರದ ರೂಢಿಗೊಂದು, ದಕ್ಷಿಣದ ರೂಢಿಗೊಂದು ಎಂದು ಎರಡು ಬಗೆ. 'ಈಗ' ಎನ್ನಲು ದಕ್ಷಿಣದವರು 'ನೌರ್' ಎಂದರೆ ಉತ್ತರದವರು 'ರೂಅನ್' ಎನ್ನುತ್ತಾರೆ. ಯಾರೊಡನೆ ಮಾತನಾಡಬೇಕೆಂಬುದನ್ನು ನಿರ್ಧರಿಸಿ ಪುಸ್ತಕವನ್ನು ಆರಿಸಿಕೊಳ್ಳುವುದು ಜಾಣತನ. ಧಾರವಾಡ, ಮಂಗಳೂರು, ಮೈಸೂರುಗಳ ಕನ್ನಡವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಿಘಂಟೊಂದೇ ಸಾಲದು. ವೆಲ್ಶ್‌ನಲ್ಲಿ 'ಕಾಥ್' ಎಂದರೆ ಬೆಕ್ಕು. 'ಆ ಬೆಕ್ಕು' ಎನ್ನುವಾಗ ಅದು 'ಗಾಥ್' ಆಗುತ್ತದೆ. ಕಲಿಯುವವನು 'ಗ'ಕಾರದಲ್ಲಿ ಹುಡುಕಿದರೆ ಬೆಕ್ಕು ಸಿಗದು! ನಮ್ಮ ಆದೇಶ ಸಂಧಿಯ ನೆನಪಾಗುವುದಿಲ್ಲವೆ? ಮಳೆಯೊಡನೆ ಕಾಲ ಸೇರಿದರೆ ಮಳೆಗಾಲ. ಬೆಟ್ಟದೊಡನೆ ತಾವರೆ ಸೇರಿದರೆ ಬೆಟ್ಟದಾವರೆ. ನಮ್ಮಲ್ಲಿ ಕ, ತ, ಪಗಳು ಗ, ದ, ಬಗಳಾಗುವಂತೆಯೇ ಅಲ್ಲಿಯೂ ಆಗುತ್ತವೆ. ಇಂಥದು ಸೂತ್ರದಿಂದ ತಿಳಿಯುತ್ತದೆ, ನಿಜ. ಆದರೆ ನಾಲಗೆಗೆ ಬರುವುದು ಕೇಳಿ, ಆಡಿ, ಮತ್ತೆ ಕೇಳಿದಾಗ ಮಾತ್ರ. ಕಲಿಯುವವನಿಗೆ ಪುಸ್ತಕದಷ್ಟೇ ಅಗತ್ಯವಾದದ್ದು ತಾಳ್ಮೆಯಿಂದ ಉತ್ತರ ಕೊಡುವ ಒಬ್ಬ ಮನುಷ್ಯ.

ನಮ್ಮ ಮನೆಗಳಲ್ಲಿ ಮಕ್ಕಳು ಕನ್ನಡದ ಪ್ರಶ್ನೆಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುತ್ತಾರೆ. ನಾವೂ ಅದೇ ಭಾಷೆಗೆ ಜಾರುತ್ತೇವೆ. ಅಲ್ಲಿಗೆ ಒಂದು ತಲೆಮಾರಿನ ಕೊಂಡಿ ಕಳಚುತ್ತದೆ. ಆದ್ದರಿಂದ ಎರಡು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ. ವಾರಕ್ಕೊಂದು ಗಂಟೆ ಕನ್ನಡದಲ್ಲಿ ಮಾತ್ರ ಮಾತನಾಡುವ ಕೂಟವನ್ನು ಸಂಘ ನಡೆಸಲಿ. ಪ್ಯಾಟಗೋನಿಯಾಕ್ಕೆ ವೇಲ್ಸ್ ಮಾಡಿದಂತೆ, ಹೊರನಾಡಿಗೆ ತರಬೇತಾದ ಅಧ್ಯಾಪಕರನ್ನು ಕಳುಹಿಸಬೇಕೆಂದು ಕರ್ನಾಟಕ ಸರಕಾರವನ್ನು ಎಲ್ಲ ಹೊರನಾಡ ಸಂಘಗಳೂ ಒಕ್ಕೊರಲಿನಿಂದ ಕೇಳಲಿ. ಎರಡನೆಯದಕ್ಕೆ ಕಾಯಬೇಕಾದೀತು; ಮೊದಲನೆಯದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.