ಸರದಿ ಕಾಯುವ ಆಟ



ಆಟಗಾರನೇ ಕಥೆಯ ಪಾತ್ರವಾಗಿ ಊರೂರು ಅಲೆದು, ಶತ್ರುಗಳನ್ನು ಎದುರಿಸುತ್ತ ಬಲ ಗಳಿಸುವ ವಿಡಿಯೊ ಆಟಗಳಿಗೆ ರೋಲ್ ಪ್ಲೇಯಿಂಗ್ ಗೇಮ್ ಎಂದು ಹೆಸರು. ಜಪಾನಿನಲ್ಲಿ ಇವು ಮನೆಮಾತಾದದ್ದು 1986ರ 'ಡ್ರ್ಯಾಗನ್ ಕ್ವೆಸ್ಟ್'ನಿಂದ. ಅದರಲ್ಲಿ ಕಾಳಗ ನಡೆಯುವುದು ಸರದಿಯ ಪ್ರಕಾರ. ಆಟಗಾರ ತನ್ನ ನಡೆ ಆರಿಸುವವರೆಗೆ ಶತ್ರುವೂ ಕಾಯುತ್ತಾನೆ. ಚದುರಂಗದಂತೆ ಇಲ್ಲಿ ಬೇಕಾದದ್ದು ಯೋಚನೆ, ಕೈಚಳಕವಲ್ಲ.

ಈ ಪರಂಪರೆ ಇಂದು ಕವಲೊಡೆದಿದೆ. 'ಆಕ್ಟೋಪ್ಯಾತ್ ಟ್ರಾವೆಲರ್' (2018) ಸರದಿಯನ್ನೂ ಹಳೆಯ ಚೌಕಚೌಕದ ಬೊಂಬೆಗಳನ್ನೂ ಉಳಿಸಿಕೊಂಡು ಹೊಸ ಬೆಳಕು ಚೆಲ್ಲಿತು. 'ಫೈನಲ್ ಫ್ಯಾಂಟಸಿ 16' (2023) ಸರದಿಯನ್ನೇ ಕೈಬಿಟ್ಟು, ಕ್ಷಣಾರ್ಧದಲ್ಲಿ ಕತ್ತಿ ಬೀಸುವ ಆಟವಾಯಿತು. ಎರಡರ ಹಿಂದಿರುವುದೂ ಸ್ಕ್ವೇರ್ ಎನಿಕ್ಸ್ ಸಂಸ್ಥೆಯೇ!

ಮೊದಲನೆಯದು ಸಂಪ್ರದಾಯ, ಎರಡನೆಯದು ದ್ರೋಹ ಎನ್ನುವವರಿದ್ದಾರೆ. ಆದರೆ 'ಡ್ರ್ಯಾಗನ್ ಕ್ವೆಸ್ಟ್' ಕೂಡ ಮರುಸೃಷ್ಟಿಯೇ. ಅಮೆರಿಕದ 'ಅಲ್ಟಿಮಾ', 'ವಿಜರ್ಡ್ರಿ' ಎಂಬ ಜಟಿಲ ಆಟಗಳನ್ನು ಯೂಜಿ ಹೊರೀ ಎಲ್ಲರಿಗೂ ಎಟಕುವಂತೆ ಸರಳಗೊಳಿಸಿದರು. ಆ ಆಟಗಳಿಗೂ ಪ್ರೇರಣೆ, ಮೇಜಿನ ಸುತ್ತ ಕುಳಿತು ದಾಳ ಉರುಳಿಸುವ 1974ರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'.

ಹಾಗಾದರೆ ಸರದಿ ಬರಿಯ ಹಳೆಯ ನೆನಪೇ? ಅಲ್ಲ. ಅದೇ ಮೂಲ ಆಟದ ನಿಯಮಗಳ ಮೇಲೆ ನಿಂತ 'ಬಾಲ್ಡರ್ಸ್ ಗೇಟ್ 3' ಸರದಿಯ ಆಟ. 2023ರಲ್ಲಿ 'ದಿ ಗೇಮ್ ಅವಾರ್ಡ್ಸ್' ಅದನ್ನೇ ವರ್ಷದ ಆಟವೆಂದು ಆರಿಸಿತು. ಬೊಂಬೆಯ ರೂಪ ಬದಲಾಗಬಹುದು. ನಿಂತು ಯೋಚಿಸುವ ಬಿಡುವು ಮಾತ್ರ ಹಳತಾಗುವಂಥದ್ದಲ್ಲ. ಉಳಿಸಿಕೊಳ್ಳಬೇಕಾದದ್ದು ಅದನ್ನು.